ಅಪ್ಪನ ಕಾಜಾ

ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಬಂದ ಟೈಲರ್ ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಹಿಂದಿನ ಸಂಜೆ ಹೊಲಿದಿಟ್ಟ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು. ಗುಂಡಿ ತೂರಿಸುವ ಆ ಪುಟ್ಟ ಸೀಳುಗಳು, ಕಾಜಾಗಳು, ಕಣ್ಣಿಗೆ ಬಿದ್ದೊಡನೆ ಅವನಿಗೆ ಮೈ ಜುಮ್ಮೆನ್ನುತ್ತಿತ್ತು. ದಾರದ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತಿದ್ದವು. ಕೊನೆಯಲ್ಲಿ ಮೂರು ಅಡ್ಡ ಹೊಲಿಗೆ. ತೀರಿಹೋದ ಅಪ್ಪ ಅದಕ್ಕೆ ಬೀಗ ಎನ್ನುತ್ತಿದ್ದರು. ಉಳಿದ ಟೈಲರುಗಳೆಲ್ಲ ಎರಡಕ್ಕೇ ಮುಗಿಸುತ್ತಿದ್ದರು, ಏಕೆಂದರೆ ಮೂರನೆಯದು ಹಾಕಿದರೆ ಗಂಟು ಉಬ್ಬುತ್ತದೆ. ಅಪ್ಪನ ಕೈಯಲ್ಲಿ ಮಾತ್ರ ಉಬ್ಬುತ್ತಿರಲಿಲ್ಲ.

ಈಗ ಮಗನ ಕೈಯಲ್ಲೂ ಉಬ್ಬುತ್ತಿಲ್ಲ. ತಮಾಷೆಯೆಂದರೆ, ಕುಡಿಯದೆ ದುಡಿದ ಇಪ್ಪತ್ತು ವರ್ಷ ಆ ಬೀಗ ಅವನಿಗೆ ಒಲಿದಿರಲೇ ಇಲ್ಲ. ಕುಡಿತ ಹತ್ತಿದ ಮೇಲೆ, ಅದೂ ಕಳೆದ ಒಂದು ವರ್ಷದಿಂದ, ತಾನಾಗಿ ಬರುತ್ತಿತ್ತು. ಸಂಜೆಯಾದರೆ ಕೈ ನಡುಗತೊಡಗುತ್ತಿತ್ತು. ಮೇಜಿನ ಖಾನೆಯಿಂದ ಬಾಟಲಿ ತೆಗೆದು ಎರಡು ಗುಟುಕು ಇಳಿಸಿದರೆ ನಡುಕ ನಿಲ್ಲುತ್ತಿತ್ತು. ನಾಲ್ಕು ಇಳಿದರೆ ಏನು ಹೊಲಿದೆ, ಎಷ್ಟು ಹೊಲಿದೆ ಎಂಬುದೇ ನೆನಪಿರುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಕಾಜಾ ಸಿದ್ಧ, ಬೀಗ ಸಮೇತ. ತನ್ನದೇನೂ ಇಲ್ಲ, ನಾಲ್ಕು ಗುಟುಕು ಒಳಗೆ ಹೋದರೆ ಅಪ್ಪನೇ ಬಂದು ಕೈಯಲ್ಲಿ ಕೂರುತ್ತಾರೆ ಎಂದು ಗಿರಾಕಿಗಳಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ಕೆಲವರು ಮುಸಿಮುಸಿ ನಗುತ್ತಿದ್ದರು. ಕೋಟು ನೋಡಿದ ಮೇಲೆ ಯಾರೂ ನಗುತ್ತಿರಲಿಲ್ಲ.

ಹೆಂಡತಿ ನಕ್ಕವಳೂ ಅಲ್ಲ, ನಂಬಿದವಳೂ ಅಲ್ಲ. ಗಂಡ ಎರಡು ಸಲ ಮೆಟ್ಟಿಲ ಮೇಲೆ ಬಿದ್ದಿದ್ದ, ಊಟ ಸೇರುತ್ತಿರಲಿಲ್ಲ, ಕಣ್ಣು ಹಳದಿಯಾಗಿತ್ತು. ಅವಳು ತಾನೇ ಹೋಗಿ ಕುಡಿತ ಬಿಡಿಸುವ ಕೇಂದ್ರದ ಡಾಕ್ಟರನ್ನು ಕಂಡು ಬಂದಳು. ಒಂದು ತಿಂಗಳು ಅಲ್ಲೇ ಇರಬೇಕಂತೆ, ಮೊದಲ ವಾರ ಕಷ್ಟವಂತೆ, ಔಷಧಿ ಕೊಟ್ಟು ನೋಡಿಕೊಳ್ಳುತ್ತಾರಂತೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದಳು.

"ಸೇರ್ತೀನಿ ಅಂತಿಟ್ಕೋ. ಬಿಟ್ಟೂ ಬರ್ತೀನಿ. ಆಮೇಲೆ ಅಪ್ಪ ಈ ಕೈಗೆ ಬರದೇ ಹೋದ್ರೆ?" ಎಂದ ಅವನು.

"ಅವರು ಬರ್ತಾರೋ ಇಲ್ವೋ ನಂಗೊತ್ತಿಲ್ಲ ರೀ. ಹೀಗೇ ಇದ್ರೆ ನೀವು ಹೋಗ್ಬಿಡ್ತೀರಿ, ಅದಂತೂ ಗೊತ್ತು."

ಅವನು ನೆವ ಹೇಳುತ್ತಿದ್ದನೆಂದು ಯಾರಾದರೂ ತಿಳಿದರೆ ತಪ್ಪು. ಪಾಪ, ನಿಜಕ್ಕೂ ಹೆದರಿದ್ದ. ಪ್ರಾಣ ಹೋಗುವುದಕ್ಕಿಂತ ಆ ಮೂರನೆಯ ಹೊಲಿಗೆ ಹೋಗುವುದು ಅವನಿಗೆ ದೊಡ್ಡ ಭಯವಾಗಿತ್ತು.

ಅದೇ ವಾರ ಅವನ ಅಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅಕ್ಕ ಅವರ ಜೊತೆಗೇ ಇದ್ದಳು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮನೆಗೆ ಅಂಟಿಕೊಂಡಿದ್ದ ಅಂಗಡಿಯ ಬಾಗಿಲು ತೆಗೆದು ಗುಡಿಸುತ್ತಿದ್ದವಳು ಅವಳೇ. ತಮ್ಮ ಬರುವಷ್ಟರಲ್ಲಿ ನೆಲದ ಮೇಲೆ ಒಂದು ದಾರದ ತುಂಡೂ ಇರುತ್ತಿರಲಿಲ್ಲ. ಈಗ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಗೊಣಗುತ್ತಾ ಒಳಕೋಣೆಯಲ್ಲಿ ಕೂತಿದ್ದಳು.

ಅಂಗಡಿಯಲ್ಲಿ ಸ್ಕೂಲ್ ಮೇಷ್ಟ್ರ ಕೋಟು ಇತ್ತು. ಶನಿವಾರ ಅವರು ನಿವೃತ್ತರಾಗುವವರಿದ್ದರು, ಜೀವಮಾನದಲ್ಲಿ ಮೊದಲ ಸಲ ಕೋಟು ಹೊಲಿಸುತ್ತಿದ್ದರು. ಟೈಲರ್ ಸಂಜೆ ನಾಲ್ಕು ಗುಟುಕು ಇಳಿಸಿ ಕೂತ. ಮರುದಿನ ಬೆಳಕಿಗೆ ಹಿಡಿದರೆ, ಕಾಜಾಗಳು ಇಲಿ ಕಡಿದ ಹಾಗಿದ್ದವು. ಒಂದು ಮೇಲೆ, ಒಂದು ಕೆಳಗೆ. ಬೀಗದ ಜಾಗದಲ್ಲಿ ದಾರದ ಉಂಡೆ. ಅಪ್ಪನಿಗೆ ಏನೋ ಸಿಟ್ಟು ಬಂದಿದೆ ಎಂದುಕೊಂಡು ಎಲ್ಲವನ್ನೂ ಬಿಚ್ಚಿದ. ಆ ಸಂಜೆ ನಾಲ್ಕರ ಬದಲು ಆರು ಗುಟುಕು ಇಳಿಸಿದ. ಮರುದಿನ ಇನ್ನೂ ಕೆಟ್ಟಿತ್ತು. ಕತ್ತರಿ ಜಾರಿ ಒಂದು ಸೀಳು ಎರಡರಷ್ಟು ಉದ್ದವಾಗಿತ್ತು. ಕೋಟನ್ನು ಎದೆಗೆ ಅವಚಿಕೊಂಡು ಅಕ್ಕನ ಕೋಣೆಗೆ ಹೋದವನು ಬಾಗಿಲಲ್ಲೇ ನಿಂತು ಅತ್ತುಬಿಟ್ಟ.

"ಅಪ್ಪ ನನ್ನ ಕೈ ಬಿಟ್ಬಿಟ್ರು ಅಕ್ಕ."

ಅಕ್ಕ ಕೈ ಚಾಚಿ ಕೋಟು ತೆಗೆದುಕೊಂಡು, ದಾರ ಪೋಣಿಸಿ ಕೊಡು ಎಂದಳು. ಅವನಿಗೆ ಐದನೆಯ ಸಲಕ್ಕೆ ಸೂಜಿಯ ಕಣ್ಣು ಸಿಕ್ಕಿತು.

ತಲೆ ಬಗ್ಗಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳು ಗೋಡೆಗೆ ಒರಗಿ ನೆಟ್ಟಗೆ ಕೂತಳು. ಬಟ್ಟೆಯನ್ನು ನೋಡಲೇ ಇಲ್ಲ. ಹೆಬ್ಬೆರಳಿನಿಂದ ಅಂಚನ್ನು ತಡವಿ, ಉದ್ದವಾಗಿದ್ದ ಸೀಳನ್ನು ಒಳಗಿನಿಂದ ಕೂಡಿಸಿ, ಕಾಜಾ ಶುರು ಮಾಡಿದಳು. ಪ್ರತಿ ಸುತ್ತಿಗೂ ದಾರವನ್ನು ಕಿರುಬೆರಳಿಗೆ ಸಿಕ್ಕಿಸಿ ಎಳೆಯುತ್ತಿದ್ದಳು. ಹಾಗೆ ಎಳೆಯುತ್ತಿದ್ದವರು ಅಪ್ಪ ಒಬ್ಬರೇ. ಕೊನೆಗೆ ಒಂದು ಅಡ್ಡ, ಎರಡು ಅಡ್ಡ. ಮೂರನೆಯದು ಬಂದು ಎರಡರ ನಡುವೆ ಮೆತ್ತಗೆ ಮಲಗಿತು.

ಇಡೀ ವರ್ಷ ತಾನು ಬೆಳಕಿಗೆ ಹಿಡಿದು ಬೆರಗಾದದ್ದು ಯಾರ ಕೈಗೆ ಎಂದು ಅವನಿಗೆ ಆಗ ತಿಳಿಯಿತು.

"ಇದನ್ನ ಯಾವಾಗ ಕಲಿತೆ?"

"ಅಪ್ಪ ನಿಂಗೆ ಕಲಿಸೋವಾಗ ದಾರ ಪೋಣಿಸಿ ಕೊಡ್ತಿದ್ದೋಳು ಯಾರು? ಅವರು ನಿನ್ನ ಕೈ ನೋಡ್ತಿದ್ರು. ನಾನು ಅವರ ಕೈ ನೋಡ್ತಿದ್ದೆ."

"ದಿನಾ ಬೆಳಿಗ್ಗೆ..."

"ದಿನಾ. ನೀನು ಹೊಲಿದಿದ್ದನ್ನ ಬಿಚ್ಚೋದಕ್ಕೇ ಹೊತ್ತು ಹಿಡೀತಿತ್ತು, ಹೊಲಿಯೋದಕ್ಕಲ್ಲ." ಅಷ್ಟು ಹೇಳಿ ನಕ್ಕವಳು ಮರುಕ್ಷಣ ಮುಖ ತಿರುಗಿಸಿದಳು. "ಅಂಗಡಿಗೆ ಕೆಟ್ಟ ಹೆಸರು ಬರ್ಬಾರ್ದು ಅಂತ ಶುರು ಮಾಡ್ದೆ ಕಣೋ. ಅಪ್ಪ ಬರ್ತಾರೆ ಅಂತ ನೀನು ಊರೆಲ್ಲ ಹೇಳ್ಕೊಂಡು ತಿರುಗಿದಾಗ್ಲೇ ನಾನು ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ನಿನ್ನ ಬಾಟ್ಲಿಗೆ ನಾನೇ ಕಾವಲು ಕೂತ ಹಾಗಾಯ್ತು."

ಅವನಿಗೆ ನಾಚಿಕೆಯಾಯಿತು. ಒಂದು ಗಳಿಗೆ ಸಿಟ್ಟೂ ಬಂತು. ಆದರೆ ಕಣ್ಣು ಮಾತ್ರ ಆ ಕಾಜಾದಿಂದ ಕದಲಲಿಲ್ಲ. ಎಂಥ ಕೈ! ಅಪ್ಪ ನಿಜವಾಗಿಯೂ ದಿನಾ ಬರುತ್ತಿದ್ದರು. ಇವನು ಬೇರೆ ಕಡೆ ಕಾಯುತ್ತಾ ಕೂತಿದ್ದ, ಅಷ್ಟೇ.

"ಕುಡಿತ ಬಿಟ್ರೆ ನಂಗೆ ಬರುತ್ತಾ ಇದು?" ಎಂದು ಕೇಳಿದ.

"ನಂಗೇನು ಗೊತ್ತು. ನಡುಗದ ಕೈ ತಗೊಂಡು ಬಾ, ಕಲಿಸ್ತೀನಿ. ಅಪ್ಪನಷ್ಟು ತಾಳ್ಮೆ ಇಲ್ಲ ನಂಗೆ, ತಲೆ ಮೇಲೆ ಮೊಟಕ್ತೀನಿ."

ಶನಿವಾರ ಮೇಷ್ಟ್ರು ಕೋಟು ಹಾಕಿಕೊಂಡು ಸ್ಕೂಲಿನ ಕಡೆ ಹೊರಟ ಹೊತ್ತಿಗೆ ಟೈಲರ್, ಹೆಂಡತಿ, ಅಕ್ಕ ಮೂವರೂ ಕೇಂದ್ರದ ಬಾಗಿಲಲ್ಲಿದ್ದರು. ಹರಿತವಾದದ್ದೇನೂ ಒಳಗೆ ತರುವಂತಿಲ್ಲ ಎಂದು ನರ್ಸ್ ಹೇಳಿದಳು. ಏನೂ ಇಲ್ಲ ಎಂದವನು, ಏನೋ ನೆನಪಾಗಿ ಅಂಗಿಯ ಕಾಲರ್ ಮಡಚಿ ನೋಡಿದ. ಅಲ್ಲಿ ಸೂಜಿ ಚುಚ್ಚಿಕೊಂಡೇ ಇತ್ತು. ಅದನ್ನು ತೆಗೆದು ಅಕ್ಕನ ಕೈಗೆ ಕೊಟ್ಟ.

ನರ್ಸ್ ಅರ್ಜಿ ತುಂಬಿಸತೊಡಗಿದಳು. ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿದಾಗ, ಇವತ್ತು ಬೆಳಿಗ್ಗೆ ಎಂದು ಮುಚ್ಚಿಡದೆ ಹೇಳಿದ. ಹೆಂಡತಿ ಅವನ ತೋಳು ಹಿಡಿದುಕೊಂಡಳು. ಜೊತೆಗೆ ಬಂದವರ ಕೆಲಸವನ್ನೂ ಬರೆಯಬೇಕಿತ್ತು.

"ಇವರು ಏನು ಮಾಡ್ತಾರೆ?" ಎಂದು ನರ್ಸ್ ಅಕ್ಕನ ಕಡೆ ನೋಡಿದಳು. ಮನೆಯಲ್ಲೇ ಇರೋದು ಎನ್ನಲು ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಮ್ಮ ಹೇಳಿದ: "ಟೈಲರ್."

"ನೀವು?"

ಅವನು ನಡುಗುತ್ತಿದ್ದ ತನ್ನ ಎರಡು ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದ.

"ಇವರ ಹತ್ರ ಕೆಲಸ ಕಲೀತಿದ್ದೀನಿ."

ನರ್ಸ್ ಹಾಗೆಯೇ ಬರೆದುಕೊಂಡಳು. ಅಕ್ಕ ಆ ಸೂಜಿಯನ್ನು ತನ್ನ ಸೆರಗಿನ ಅಂಚಿಗೆ ಚುಚ್ಚಿಕೊಂಡಳು.