ಜೈಲಲ್ಲ, ಈಜುಕೊಳ

"ಇಲ್ಲಿ ಜೈಲು ಎಲ್ಲಿದೆ, ಸ್ವಲ್ಪ ತೋರಿಸಿ ನೋಡೋಣ," ಎಂದರು ಸೀಟಿ ಮೇಡಂ, ಮುಚ್ಚಿದ ಗೇಟಿನ ಆಚೆ ನಿಂತು, ಕಾಗದವನ್ನು ಕಣ್ಣಿನಿಂದ ಮೊಳ ದೂರ ಹಿಡಿದುಕೊಂಡು.

ಸಿನಿಮಾ ತಂಡದ ಮ್ಯಾನೇಜರಮ್ಮ ನಗಲು ನೋಡಿದಳು. ಎದುರಿನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಕಾಗದವನ್ನು ಇಸಿದುಕೊಂಡು ತಾನೂ ಓದಿದಳು. ವಿಮಾ ಕಂಪನಿಯ ಪ್ರಮಾಣಪತ್ರ. ಮೊಹರು ಸರಿಯಿತ್ತು, ತಾರೀಕು ಸರಿಯಿತ್ತು, ಸಿನಿಮಾದ ಹೆಸರೂ ಸರಿಯಿತ್ತು. ಚಿತ್ರೀಕರಣದ ಸ್ಥಳ ಎಂಬಲ್ಲಿ ಮಾತ್ರ 'ಜೈಲು' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕಟ್ಟಡಕ್ಕೆ ಹಾನಿಯಾದರೆ ಪರಿಹಾರ ಪಡೆಯುವವರು ಯಾರು ಎಂಬಲ್ಲಿ 'ಜೈಲಿನ ಆಡಳಿತ'.

ಗೇಟಿನ ಪಕ್ಕದ ಗೋಡೆಯ ಮೇಲೆ, ನೀಲಿ ಬಣ್ಣದಲ್ಲಿ, ಆಳೆತ್ತರದ ಅಕ್ಷರಗಳಲ್ಲಿ 'ಈಜು ಸಂಘ' ಎಂದು ಬರೆದಿತ್ತು. ಅದನ್ನು ಓದಲು ಬಾರದವರು ಅವಳ ತಂಡದಲ್ಲಿ ಯಾರೂ ಇರಲಿಲ್ಲ.

ಸಿನಿಮಾದವರ ಬುದ್ಧಿಯೇ ಹಾಗೆ. ಅವರಿಗೆ ಊರಿನ ಹೆಸರು, ಬೀದಿಯ ಹೆಸರು ತಲೆಗೆ ಹತ್ತುವುದಿಲ್ಲ; ಕಥೆಯಲ್ಲಿ ಏನಿದೆಯೋ ಅದೇ ಹೆಸರು. ಯಾರದೋ ಮರದ ಗೋದಾಮು ಅವರ ಪಾಲಿಗೆ 'ನಾಯಕನ ಮನೆ', ಚಹಾದಂಗಡಿ 'ಪೊಲೀಸ್ ಠಾಣೆ'. ಈ ಈಜುಕೊಳದ ಕಟ್ಟಡ ಕಳೆದ ವರ್ಷದಿಂದಲೂ 'ಜೈಲು'. ಕೊಳದ ಎರಡೂ ಬದಿಗೆ ಬಟ್ಟೆ ಬದಲಿಸುವ ಇಕ್ಕಟ್ಟಾದ ಕೋಣೆಗಳು ಸಾಲಾಗಿದ್ದವು. ಮೇಲಿನ ಕಿಟಕಿಗಳಿಂದ ಬಿಸಿಲು ಓರೆಯಾಗಿ ಆ ಬಾಗಿಲುಗಳ ಮೇಲೆ ಬೀಳುವುದನ್ನು ಕಂಡು ನಿರ್ದೇಶಕರು ಮರುಳಾಗಿದ್ದರು. ಅಂದಿನಿಂದ 'ಜೈಲಿಗೆ ದೀಪ ಎಷ್ಟು ಬೇಕು', 'ಜೈಲಿಗೆ ಊಟ ಯಾರು ತರ್ತಾರೆ' ಎಂಬ ಮಾತೇ. ಮ್ಯಾನೇಜರಮ್ಮನ ಅತ್ತೆಯಂತೂ ಪಕ್ಕದ ಮನೆಯವರ ಮುಂದೆ, "ನಮ್ಮ ಸೊಸೆ ಈ ವಾರ ಜೈಲಿಗೆ ಹೋಗ್ತಾಳೆ" ಎಂದುಬಿಟ್ಟಿದ್ದರು; ಅದಕ್ಕೆ ಸಮಜಾಯಿಷಿ ಕೊಡುವಷ್ಟರಲ್ಲಿ ಇವಳಿಗೆ ಸಾಕುಸಾಕಾಗಿತ್ತು.

ವಿಮೆ ಮಾಡಿಸಿದ್ದು ಅವಳ ಅಕ್ಕನ ಗಂಡ. ಏಜೆಂಟ್ ಭಾವ ಫೋನಿನಲ್ಲಿ "ಶೂಟಿಂಗ್ ಎಲ್ಲಮ್ಮ?" ಎಂದು ಕೇಳಿದಾಗ ಅವಳು ಯಾವುದೋ ಅಂಗಿಯ ತೋಳು ಸರಿಮಾಡುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡೇ "ಜೈಲಲ್ಲಿ ಭಾವ" ಎಂದಿದ್ದಳು. ಭಾವ ಬರೆದುಕೊಂಡರು. ಕಾಗದ ಬಂದಮೇಲೆ ಅವಳು ಓದಿದ್ದಳು, ನಿರ್ದೇಶಕರು ಓದಿದ್ದರು, ಕಲಾವಿಭಾಗದವರೂ ಓದಿದ್ದರು. ಜೈಲನ್ನು ಜೈಲು ಎಂದು ಬರೆದಿದ್ದರಲ್ಲಿ ಯಾರಿಗೂ ತಪ್ಪು ಕಾಣಿಸಲಿಲ್ಲ.

"ಮೇಡಂ, ಇದು ನಿಮ್ಮ ಕೊಳಾನೇ. ನಾವು ಹಾಗೆ ಕರೀತೀವಿ ಅಷ್ಟೇ," ಎಂದಳು.

"ನೀವು ಅರಮನೆ ಅಂತ ಕರ್ಕೊಳ್ಳಿ. ನಾಳೆ ಒಂದು ಟೈಲ್ಸ್ ಒಡೆದ್ರೆ ನಾನು ಯಾರನ್ನ ಕೇಳಲಿ? ಜೈಲರ್‌ನ?"

ಸೀಟಿ ಮೇಡಂ ಕೆಟ್ಟವರಲ್ಲ. ಊರಿನ ಅರ್ಧ ಜನಕ್ಕೆ ಈಜು ಕಲಿಸಿದವರು ಅವರು. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಆ ಹೆಸರು. ಹಿಂದೊಮ್ಮೆ ಯಾರೋ ಜಾಹೀರಾತಿನವರು ಬಂದು, ಸಿಹಿಸಿಹಿ ಮಾತಾಡಿ, ಕೊಳದ ಅಂಚಿನ ಟೈಲ್ಸನ್ನು ಉದ್ದಕ್ಕೂ ಸೀಳಿ ಹೋಗಿದ್ದರು. ಸಂಘದ ಸಭೆಯಲ್ಲಿ ತಲೆತಗ್ಗಿಸಿ ನಿಂತದ್ದು ಇವರು, ಆಮೇಲೆ ಮಂಡಿಯೂರಿ ಕೂತು ಸಿಮೆಂಟು ಮೆತ್ತಿದ್ದೂ ಇವರೇ. ಅಂದಿನಿಂದ ಬಾಯಿಮಾತಿಗೆ ಗೇಟು ತೆರೆಯುವುದನ್ನು ಬಿಟ್ಟಿದ್ದರು.

"ಸರಿಯಾದ ಕಾಗದ ತನ್ನಿ, ನಾನೇ ಗೇಟು ತೆಗೀತೀನಿ. ಸಂಜೆ ನೀರು ಬಿಡ್ತಾರೆ, ಅದು ನೆನಪಿರಲಿ."

ಅದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ವರ್ಷಕ್ಕೊಮ್ಮೆ ಕೊಳ ಖಾಲಿ ಮಾಡಿ ತಿಕ್ಕಿ ತೊಳೆಯುತ್ತಾರೆ. ಆ ಕೆಲಸ ಮುಗಿದು ನೀರು ಬರುವವರೆಗಿನ ಈ ಒಂದು ಹಗಲು ಸಿನಿಮಾದವರದು. ಇವತ್ತು ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಇದರ ಮೇಲೆ, ಅವಳು ಮ್ಯಾನೇಜರ್ ಆಗಿ ದುಡಿಯುತ್ತಿರುವ ಮೊದಲ ಸಿನಿಮಾ ಇದು. ಅಲ್ಲಿಯವರೆಗೆ ಉಡುಪಿನ ವಿಭಾಗದಲ್ಲಿ ಹೊಲಿಗೆ ಹಾಕಿಕೊಂಡಿದ್ದವಳು. 'ಸೂಜಿ ಹಿಡಿಯೋಳ ಕೈಗೆ ಇಡೀ ಸಿನಿಮಾನಾ' ಎಂದು ಮೂಗು ಮುರಿದವರು ಹಿಂದೆ ನಿಂತಿದ್ದ ತಂಡದ ವ್ಯಾನಿನಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು.

ನಿರ್ದೇಶಕರು ವ್ಯಾನಿನಿಂದ ಇಳಿದು ಬಂದರು. ಮೆಲುಮಾತಿನ ಮನುಷ್ಯ, ಅವಳನ್ನು ಮ್ಯಾನೇಜರ್ ಮಾಡಿದ್ದೂ ಅವರೇ.

"ಏನಾಯ್ತಮ್ಮ?"

"ತಪ್ಪು ನಂದೇ ಸರ್. ಜಾಗದ ಹೆಸರು ಜೈಲು ಅಂತ ಬರೆಸಿಬಿಟ್ಟಿದೀನಿ."

ಅವರು ಕಾಗದ ನೋಡಿದರು, ಗೋಡೆಯ ಮೇಲಿನ ಆಳೆತ್ತರದ ಅಕ್ಷರ ನೋಡಿದರು, ಕೊನೆಗೆ ಆಕಾಶ ನೋಡಿದರು. "ಬೆಳಕು ಇನ್ನೂ ಇದೆ, ನೋಡಿ ಮಾಡಿ," ಎಂದು ವ್ಯಾನಿಗೆ ಮರಳಿದರು. ಬೈದಿದ್ದರೆ ಅವಳಿಗೆ ಸುಲಭವಿತ್ತು.

ಭಾವನಿಗೆ ಫೋನು ಮಾಡಿದರೆ ಎತ್ತಿದ್ದು ಅಕ್ಕ.

"ನಿನ್ನ ಭಾವ ಮಾತಾಡೋ ಹಾಗಿಲ್ಲ ಕಣೆ. ಈಗ ತಾನೆ ದವಡೆ ಹಲ್ಲು ಕೀಳಿಸಿಕೊಂಡು ಹೊರಗೆ ಬಂದಿದಾರೆ. ಬಾಯಿ ತುಂಬ ಹತ್ತಿ. ಡಾಕ್ಟ್ರು ಸಂಜೆವರೆಗೂ ಬಾಯಿ ಬಿಡಬಾರ್ದು ಅಂದಿದಾರೆ. ಮದುವೆ ಆದಮೇಲೆ ಇವತ್ತೇ ನಾನು ಇಷ್ಟು ನೆಮ್ಮದಿಯಾಗಿರೋದು."

ಮ್ಯಾನೇಜರಮ್ಮ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಆಚೆಯಿಂದ ಮೊದಲು ಅಕ್ಕನ ನಗು, ಆಮೇಲೆ ಭಾವನ ಗಂಟಲಿಂದ ಹೊರಟ ಯಾವುದೋ ಸದ್ದು ಕೇಳಿಸಿತು.

"ಸುಮ್ನಿರಿ, ರಕ್ತ ಬರುತ್ತೆ," ಎಂದು ಅಕ್ಕ ಗದರಿದಳು. "ನೋಡು, ಕಂಪನಿ ಆಫೀಸು ಇಲ್ಲೇ ಎದುರಿಗಿದೆ. ಕರ್ಕೊಂಡು ಹೋಗ್ತೀನಿ. ಇವರು ಬರೆದು ತೋರಿಸಲಿ, ಬಾಯಿ ನಂದು."

ಅಕ್ಕನ ಬಾಯಿಯ ಮೇಲೆ ಅವಳಿಗೆ ಭರವಸೆಯಿತ್ತು. ಚಿಕ್ಕಂದಿನಲ್ಲಿ ಎಷ್ಟೋ ಏಟು ತಪ್ಪಿಸಿದ ಬಾಯಿ ಅದು. ಅವಳು ಗೇಟಿನೆದುರು ಕಟ್ಟೆಯ ಮೇಲೆ ಕೂತು ಉಗುರು ಕಚ್ಚತೊಡಗಿದಳು. ಒಳಗೆ ಸೀಟಿ ಮೇಡಂ ಕುರ್ಚಿ ಎಳೆದುಕೊಂಡು, ಗೇಟಿಗೆ ಮುಖಮಾಡಿ ಕೂತರು. ಇಬ್ಬರೂ ಪರಸ್ಪರ ನೋಡದಂತೆ ನೋಡುತ್ತಿದ್ದರು.

ಅಕ್ಕನ ಫೋನು ಬಂತು. "ಜೈಲು ಹೋಗಿ ಈಜುಕೊಳ ಅಂದ ತಕ್ಷಣ ಇಲ್ಲಿನ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟುಬಿಟ್ರು ಕಣೆ. ಜೈಲೇ ವಾಸಿ ಅಂತಾರೆ. ಅಲ್ಲಿ ಯಾರೂ ಮುಳುಗಲ್ಲವಂತೆ."

"ನೀರೇ ಇಲ್ಲ ಅಂತ ಹೇಳೇ!"

"ಹೇಳಿದೆ. ನೀರಿಲ್ಲದ ಕೊಳದ ಫೋಟೋ ಕಳಿಸಬೇಕಂತೆ. ಬರೀ ಕೊಳ ಸಾಲದು, ವಿಮೆ ಮಾಡಿಸಿದೋಳು ತಳದಲ್ಲಿ ನಿಂತಿರಬೇಕಂತೆ, ಇವತ್ತಿಂದೇ ಆಗಿರಬೇಕಂತೆ. ಬಂದ ಕೂಡಲೆ ಕೈಯಲ್ಲೇ ಬರೆದುಕೊಡ್ತೀನಿ ಅಂದಿದಾರೆ. ಪುಣ್ಯಾತ್ಮ ಒಳ್ಳೆಯವರೇ, ಹೆದರಿಕೆ ಅಷ್ಟೇ."

ಮ್ಯಾನೇಜರಮ್ಮ ಗೇಟಿನ ಹತ್ತಿರ ಹೋಗಿ ವಿಷಯ ಹೇಳಿದಳು. ಸೀಟಿ ಮೇಡಂ ತಲೆಯಾಡಿಸಿದರು.

"ಕಾಗದ ಇಲ್ಲದೆ ಸಿನಿಮಾದೋರು ಒಬ್ರೂ ಒಳಗೆ ಬರೋ ಹಾಗಿಲ್ಲ."

"ಒಳಗೆ ಬರದೆ ಕಾಗದ ಕೊಡಲ್ಲ ಅಂತಾರೆ ಮೇಡಂ."

"ಅದು ನನಗೂ ಅರ್ಥ ಆಯ್ತು. ಆದ್ರೆ ಸಂಘದ ಮುಂದೆ ನಾನು ಬರೆದುಕೊಟ್ಟಿದೀನಲ್ಲ, ಬಿಡಲ್ಲ ಅಂತ."

ಮ್ಯಾನೇಜರಮ್ಮನಿಗೆ ಅಳು ಉಕ್ಕಿ ಬಂತು. ಹಲ್ಲು ಕಚ್ಚಿ ತಡೆದುಕೊಂಡಳು. ಬಿಸಿಲು ಗೋಡೆ ಇಳಿದು ನೆಲಕ್ಕೆ ಬಂದಿತ್ತು. ಒಳಗಿನ ಬಾಗಿಲುಗಳ ಮೇಲೂ ಅದು ಈಗ ಬೀಳಲು ತೊಡಗಿರಬೇಕು. ವ್ಯಾನಿನ ಕಡೆ ತಿರುಗಿ ನೋಡುವ ಧೈರ್ಯ ಸಾಲಲಿಲ್ಲ. ಅವಳು ಗೇಟಿನ ಸರಳು ಹಿಡಿದು ನಿಂತಲ್ಲೇ ನಿಂತಳು. ನಿಜವಾದ ಜೈಲಿನಲ್ಲಿರುವವಳು ತಾನೇ ಎಂದು ಯಾರಾದರೂ ತಮಾಷೆ ಮಾಡಿದ್ದರೆ ಹೊಡೆದುಬಿಡುತ್ತಿದ್ದಳೇನೋ.

ಸೀಟಿ ಮೇಡಂ ಅವಳನ್ನು ಬಹಳ ಹೊತ್ತು ನೋಡಿದರು. ನೀರಿಗಿಳಿಯಲು ಹಿಂಜರಿಯುವವರನ್ನು ಜೀವಮಾನವೆಲ್ಲ ನೋಡಿದ ಕಣ್ಣು ಅದು.

"ನಿಮಗೆ ಈಜು ಬರುತ್ತಾ?" ಎಂದು ಕೇಳಿದರು.

"ಇಲ್ಲ."

"ಕಲಿಯೋ ಆಸೆ?"

"ಅಯ್ಯೋ, ಇಲ್ಲಪ್ಪ," ಎಂದು ನಿಜವನ್ನೇ ಹೇಳಿ, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

"ಸಿನಿಮಾದೋರನ್ನ ಬಿಡಬಾರದು ಅಂತ ನಿಯಮ. ಕಲಿಯೋರನ್ನ ಬಿಡಬಾರದು ಅಂತ ಇಲ್ಲ. ಸಂಘಕ್ಕೆ ಸೇರಿದೋರು ಯಾವಾಗ ಬೇಕಾದ್ರೂ ಬಂದು ಕೊಳ ನೋಡಬಹುದು, ಫೋಟೋನೂ ತೆಗೀಬಹುದು. ಆದ್ರೆ ಒಂದು ಮಾತು." ಮೇಡಂ ಎದ್ದು ಗೇಟಿನ ಹತ್ತಿರ ಬಂದರು. "ಸುಳ್ಳು ಸೇರ್ಪಡೆ ನಾನು ಮಾಡ್ಕೊಳ್ಳಲ್ಲ. ಸೇರಿದ್ರೆ ಬರಬೇಕು, ನೀರಿಗೆ ಇಳೀಬೇಕು. ಬರಲ್ಲ ಅನ್ನೋದಾದ್ರೆ ಈಗಲೇ ಹೇಳಿಬಿಡಿ, ನನಗೇನೂ ಬೇಜಾರಿಲ್ಲ."

ಮ್ಯಾನೇಜರಮ್ಮ ಚಿಕ್ಕವಳಿದ್ದಾಗ ಒಮ್ಮೆ ಕಲ್ಲಿನ ತೊಟ್ಟಿಯ ಅಂಚಿನಿಂದ ಜಾರಿದ್ದಳು. ಕಾಲಿಗೆ ಏನೂ ಸಿಗದೆ ಒದ್ದಾಡಿದ ಆ ಗಳಿಗೆ, ಜಡೆ ಹಿಡಿದು ಮೇಲೆಳೆದ ಅಕ್ಕನ ಕೈ, ಇವು ಇನ್ನೂ ಕನಸಿನಲ್ಲಿ ಬರುತ್ತಿದ್ದವು. ಇವತ್ತಿಗೂ ಸ್ನಾನಕ್ಕೆ ಹೋದರೆ ತಲೆಯ ಮೇಲೆ ತುಂಬಿದ ತಂಬಿಗೆ ಸುರಿದುಕೊಳ್ಳಲು ಅವಳಿಗೆ ಭಯ. ಹೂಂ ಎಂದು ಹೇಳಿ ಆಮೇಲೆ ತಲೆತಪ್ಪಿಸಿಕೊಂಡರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಆದರೆ ಎದುರಿಗಿರುವವರು ಒಮ್ಮೆ ಸಿಹಿಮಾತು ನಂಬಿ, ಮಂಡಿಯೂರಿ ಸಿಮೆಂಟು ಮೆತ್ತಿದವರು.

"ಬರ್ತೀನಿ," ಎಂದಳು. ದನಿ ಸಣ್ಣಗಾಗಿತ್ತು. "ನನಗೆ ತುಂಬಾ ಭಯ ಇದೆ. ಆದ್ರೂ ಬರ್ತೀನಿ."

ಗೇಟು ಒಬ್ಬರು ನುಸುಳುವಷ್ಟೇ ತೆರೆಯಿತು.

ಹೆಸರು, ವಿಳಾಸ ಬರೆಸಿ ಒಳಗೆ ಹೋದಳು. ಚಪ್ಪಲಿ ಬಿಟ್ಟು ಮೆಟ್ಟಿಲಿಳಿದಳು. ತೊಳೆದ ಟೈಲ್ಸು ಕಾಲಿಗೆ ತಣ್ಣಗೆ, ಒಣಗಿ, ಸ್ವಲ್ಪ ಒರಟಾಗಿತ್ತು. ಔಷಧಿಯ ವಾಸನೆ ಮೂಗಿಗೆ ಹೊಡೆಯಿತು. ನೆಲ ಇಳಿಜಾರಾಗಿ ಹೋಗುತ್ತ ಹೋಗುತ್ತ, ಗೋಡೆಗಳು ಅವಳ ಸೊಂಟ, ಭುಜ, ತಲೆ ದಾಟಿ ಮೇಲೆದ್ದವು. ಆಳದ ತುದಿಯಲ್ಲಿ ನಿಂತು ತಲೆಯೆತ್ತಿದಳು. ನೀರು ನಿಲ್ಲುವ ಮಟ್ಟಕ್ಕೆ ಎಳೆದ ನೀಲಿ ಗೆರೆ ಕೈಚಾಚಿದರೂ ಸಿಗದಷ್ಟು ಎತ್ತರದಲ್ಲಿತ್ತು.

"ನೋಡ್ಕೊಳ್ಳಿ," ಎಂದರು ಸೀಟಿ ಮೇಡಂ ಮೇಲಿನ ಅಂಚಿನಿಂದ. ಖಾಲಿ ಕೊಳದಲ್ಲಿ ಆ ದನಿ ಮೊಳಗಿತು. "ಎಲ್ಲರೂ ನೀರು ತುಂಬಿದ ಮೇಲೆ ನೋಡಿ ಹೆದರ್ತಾರೆ. ನಿಮಗೆ ಮೊದಲೇ ತೋರಿಸಿದೀನಿ. ಇಷ್ಟೇ ಆಳ. ತಳ ಇದೆ."

ಅವಳು ಬರಿಗಾಲಿನಿಂದ ನೆಲವನ್ನು ಒಮ್ಮೆ ಒತ್ತಿ ನೋಡಿದಳು. ಆಮೇಲೆ ಫೋನನ್ನು ದೂರ ಹಿಡಿದು ಚಿತ್ರ ತೆಗೆದಳು. ಒಣ ಕೊಳ, ಪೆಚ್ಚುಮೋರೆ, ಮೇಲೆ ಮೂಲೆಯಲ್ಲಿ ಮೇಡಂ ಅವರ ಎರಡು ಪಾದ. ಅದನ್ನೇ ಕಳಿಸಿದಳು.

ಅಕ್ಕನ ಫೋನು ಬರಲು ತಡವಾಗಲಿಲ್ಲ. "ಅಧಿಕಾರಿ ನಕ್ಕುಬಿಟ್ರು ಕಣೆ! ಬರೆದುಕೊಡ್ತಿದಾರೆ. ನಿನ್ನ ಭಾವ ಏನೋ ಚೀಟಿ ತೋರಿಸ್ತಿದಾರೆ ತಾಳು... 'ಜೈಲಿಂದ ಬಿಡುಗಡೆ ಆಯ್ತಾ' ಅಂತೆ. ಬಾಯಿ ಕಟ್ಟಿದ್ರೂ ಕೊಬ್ಬು ಇಳಿದಿಲ್ಲ." ಆಮೇಲೆ ದನಿ ಬದಲಾಯಿತು. "ಅಲ್ವೇ, ನೀನು ಹೇಗೆ ಇಳಿದೆ ಅಲ್ಲಿಗೆ?"

"ಈಜು ಕಲಿಯೋಕೆ ಸೇರಿದೀನಿ."

ಅಕ್ಕ ಮಾತಾಡಲಿಲ್ಲ. ಆ ಬಾಯಿಗೆ ಮಾತು ಸಿಗದೇ ಹೋದದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಹೊಸ ಪ್ರಮಾಣಪತ್ರ ಫೋನಿಗೆ ಬಂತು. ಎದುರಿನ ಅಂಗಡಿಯಲ್ಲಿ ಅಚ್ಚು ಹಾಕಿಸಿ ಕೊಟ್ಟಾಗ ಸೀಟಿ ಮೇಡಂ ಬೆರಳಿಟ್ಟು ಪ್ರತಿ ಸಾಲನ್ನೂ ಓದಿದರು. ಸ್ಥಳ: ಈಜುಕೊಳ. ಪರಿಹಾರ ಪಡೆಯುವವರು: ಈಜು ಸಂಘ. ಓದಿ ಮುಗಿಸಿ, ಮಡಿಚಿ, ಜೇಬಿಗೆ ಇಟ್ಟುಕೊಂಡು, ಗೇಟಿನ ಎರಡೂ ಬಾಗಿಲುಗಳನ್ನು ಗೋಡೆಗೆ ತಾಗುವಂತೆ ತಳ್ಳಿದರು. ವ್ಯಾನುಗಳಿಂದ ಜನ ಇರುವೆಗಳ ಹಾಗೆ ಇಳಿದರು.

ಆ ಮಧ್ಯಾಹ್ನ ಬಿಸಿಲು ನಿರ್ದೇಶಕರು ಬಯಸಿದ ಹಾಗೆಯೇ ಬಿತ್ತು. ಬಟ್ಟೆ ಬದಲಿಸುವ ಕೋಣೆಗಳು ಸೆರೆಕೋಣೆಗಳಾದವು. ಬಾಗಿಲುಗಳ ಮೇಲೆ ಕಲಾವಿಭಾಗದವರು ಬರೆದ ಕಪ್ಪು ಅಂಕಿಗಳು ಮಿರುಗಿದವು. ಯಾರೋ ದೀಪದ ಕಂಬವನ್ನು ನೆಲದ ಮೇಲೆ ಎಳೆದಾಗ ಸೀಟಿ ಕಿವಿಗಡಚಿಕ್ಕುವಂತೆ ಕೂಗಿತು. "ಎಳೀಬೇಡಿ, ಎತ್ತಿ!" ಆಮೇಲೆ ಇಡೀ ತಂಡ ಎಲ್ಲವನ್ನೂ ಮಗುವನ್ನು ಎತ್ತಿದಂತೆ ಎತ್ತಿತು. ಒಂದು ಟೈಲ್ಸೂ ಒಡೆಯಲಿಲ್ಲ. ಕೊನೆಯ ದೃಶ್ಯ ಮುಗಿದಾಗ ನಿರ್ದೇಶಕರು ಎಲ್ಲರೆದುರು ಅವಳ ಕಡೆ ತಿರುಗಿ, "ನಮ್ಮ ಮ್ಯಾನೇಜರ್‌ಗೆ ಒಂದು ಚಪ್ಪಾಳೆ," ಎಂದರು. ಬಾಳೆಹಣ್ಣು ಸುಲಿಯುತ್ತಿದ್ದವರೂ ಕೈ ತಟ್ಟಿದರು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಾಮಾನು ಕಟ್ಟುವಾಗ ಕೊಳವೆಯಲ್ಲಿ ನೀರು ಗೊಳಗೊಳ ಸದ್ದು ಮಾಡತೊಡಗಿತ್ತು.

ಮುಂದಿನ ವಾರ ಬೆಳಿಗ್ಗೆ ಅವಳು ಚೀಲ ಹಿಡಿದು ಬಂದಳು. ಅದರೊಳಗೆ ತಾನೇ ಹೊಲಿದುಕೊಂಡ ಈಜುಡುಗೆ. ಹೊಲಿಗೆ ಬಿಚ್ಚಬಾರದೆಂದು ಎರಡೆರಡು ಸಲ ಹೊಡೆದಿದ್ದಳು. ಸೀಟಿ ಮೇಡಂ ಅವಳನ್ನು ಕಂಡು ಆಶ್ಚರ್ಯ ತೋರಿಸಲಿಲ್ಲ. ಬಟ್ಟೆ ಬದಲಿಸಲು ಒಂದು ಕೋಣೆಯತ್ತ ಕೈ ತೋರಿಸಿದರು. ಅದರ ಬಾಗಿಲ ಮೇಲೆ ಕೈದಿಯ ಅಂಕಿ ಎಷ್ಟು ಉಜ್ಜಿದರೂ ಪೂರ್ತಿ ಹೋಗದೆ ಮಸುಕಾಗಿ ಉಳಿದಿತ್ತು. ಒಳಗೆ ಮೊಳೆಗೆ ಬಟ್ಟೆ ನೇತುಹಾಕಿ, ಹೊರಗೆ ಬಂದಳು.

ಕೊಳ ತುಂಬಿತ್ತು. ನೀರು ನೀಲಿ ಗೆರೆಯವರೆಗೂ ಬಂದು ಅಲುಗುತ್ತಿತ್ತು. ಅವಳು ಕಂಬಿ ಹಿಡಿದು, ಹಿಂದುಹಿಂದಾಗಿ, ಒಂದೊಂದೇ ಮೆಟ್ಟಿಲು ಇಳಿದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕೊನೆಯ ಮೆಟ್ಟಿಲ ಆಚೆ ಅವಳ ಹೆಬ್ಬೆರಳು ತಡಕಾಡಿತು. ತಣ್ಣಗೆ, ಸ್ವಲ್ಪ ಒರಟಾಗಿ, ಟೈಲ್ಸು ಸಿಕ್ಕಿತು. ಅವಳು ಅಲ್ಲೇ ನಿಂತಳು. ಆಮೇಲೆ ಕಂಬಿಯಿಂದ ಒಂದು ಕೈ ಬಿಟ್ಟಳು.