ಹಿಟ್ಟು ಮೆತ್ತಿದ ಹಾಳೆ

ನಾನು ಒಂದು ಪೋರ್ಟ್‌ಫೋಲಿಯೊ. ವಿನ್ಯಾಸ ಕಲಿಯುವ ಮಕ್ಕಳು ತಾವು ಬರೆದ ಚಿತ್ರ, ಹಾಕಿದ ನಕ್ಷೆ, ತೆಗೆದ ಫೋಟೊ ಎಲ್ಲವನ್ನೂ ಒಂದೆಡೆ ಜೋಡಿಸಿ ಮಾಸ್ತರರ ಮುಂದೆ ಬಿಚ್ಚುತ್ತಾರಲ್ಲ, ಆ ದೊಡ್ಡ ಕಡತ. ಎರಡು ದಪ್ಪ ರಟ್ಟು, ನಡುವೆ ಅರಿವೆಯ ಬೆನ್ನು, ಕಟ್ಟಲು ಲಾಡಿ. ಇಷ್ಟೇ ನನ್ನ ಮೈ.

ನಾನು ಹುಟ್ಟಿದ್ದು ಗದಗಿನಲ್ಲಿ, ಒಂದು ಮಠದ ಗೋಡೆಗೆ ಆತುಕೊಂಡಿದ್ದ ಮಕ್ತುಂಸಾಬರ ಬೈಂಡಿಂಗ್ ಅಂಗಡಿಯಲ್ಲಿ. ಅದು ಶ್ರಾವಣ ಮಾಸ. ಸಂಜೆಯಾದರೆ ಮಠದಲ್ಲಿ ಪುರಾಣ ನಡೆಯುತ್ತಿತ್ತು. ಒಬ್ಬರು ರಾಗವಾಗಿ ಪದ್ಯ ಓದುವರು, ಇನ್ನೊಬ್ಬರು ಅದನ್ನು ಬಿಡಿಸಿ ಅರ್ಥ ಹೇಳುವರು. ಮತ್ತೆ ಅದೇ ಪದ್ಯವನ್ನು ಓದುವರು. ಎರಡನೆಯ ಸಲ ಕೇಳುವಾಗ ಅದೇ ಪದ್ಯ ಬೇರೆಯೇ ಆಗಿರುತ್ತಿತ್ತು. ಮಕ್ತುಂಸಾಬರು ರಟ್ಟು ಕೊಯ್ಯುವಾಗ ಯಾವುದಕ್ಕೂ ಕಿವಿಗೊಡುತ್ತಿರಲಿಲ್ಲ. ಮೈದಾಹಿಟ್ಟಿನ ಅಂಟು ಹಚ್ಚಿ ಭಾರ ಹೇರಿದ ಮೇಲೆ ಮಾತ್ರ ಕೈ ಒರೆಸಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೀಗಾಗಿ ನನ್ನ ಬೆನ್ನಿನ ಅಂಟು ಪದ್ಯ ಕೇಳುತ್ತಲೇ ಒಣಗಿತು. ಕೇಳುವುದನ್ನು ನಾನು ಕಲಿತದ್ದು ಅಲ್ಲಿಯೇ.

ನನ್ನನ್ನು ಮಾಡಿಸಿದವಳು ನೀಲಗಂಗಾ. ಊರಿನ ವಿನ್ಯಾಸ ಕಾಲೇಜಿನ ಡಿಪ್ಲೊಮಾ ವಿದ್ಯಾರ್ಥಿನಿ. ತೆಳ್ಳನೆಯ ಹುಡುಗಿ, ಮಾತು ಕಡಿಮೆ.

"ಅಜ್ಜಾರ, ಹಿಂದಿನ ರಟ್ಟಿಗೆ ಒಂದು ಕಿಸೆ ಹಚ್ಚಿಕೊಡ್ರಿ," ಅಂದಳು.

"ಯಾಕವಾ? ಮುಂದ ಇಷ್ಟು ಜಾಗ ಐತಿ, ಸಾಲಂಗಿಲ್ಲೇನು?"

"ಕೆಟ್ಟಿದ್ದು ಇಡಾಕ್ರಿ. ಹಾಳಿ ಹೊರಗ ಒಗ್ಯಾಕ ಮನಸ್ಸು ಬರಂಗಿಲ್ಲ."

ಮಕ್ತುಂಸಾಬರು ನಕ್ಕರು. "ಕೆಟ್ಟಿದ್ದಕ್ಕ ಕಿಸೆ ಕೇಳಿದಾಕಿ ನೀನ ಮೊದಲನೇದಾಕಿ ನೋಡು."

ಅವಳು ಹೇಳಿದ್ದು ನಿಜ. ಕಾಗದ ಕಾಲಿಗೆ ತಾಗಿದರೆ ಬಗ್ಗಿ ಎತ್ತಿ ಕಣ್ಣಿಗೆ ಒತ್ತಿಕೊಳ್ಳುವ ಹುಡುಗಿ ಅವಳು. ಬರೆದ ಹಾಳೆಯನ್ನು ಕಸದ ಬುಟ್ಟಿಗೆ ಹಾಕುವುದು ಅವಳ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಕ್ತುಂಸಾಬರು ಕಿಸೆ ಹಚ್ಚಿದರು, ಅದಕ್ಕೂ ಒಂದು ಲಾಡಿ ಇಟ್ಟರು. ಹೀಗೆ ನನಗೆ ಹಿಂದೆಯೂ ಒಂದು ಹೊಟ್ಟೆ ಬಂತು.

ಕಾಲೇಜಿಗೆ ಹೋದ ಮೊದಲ ದಿನವೇ ನಾನು ಯಾವ ಕೆಲಸಕ್ಕೆ ಹುಟ್ಟಿದ್ದೇನೆಂದು ತಿಳಿಯಿತು. ಕುಬಸದ ಸರ್ ತರಗತಿಯ ಮುಂದೆ ನಿಂತಿದ್ದರು. ಎತ್ತರದ ಆಳು, ಖಾದಿ ಅಂಗಿ, ಜೇಬಿನಲ್ಲಿ ಸದಾ ಒಂದು ಮೊಂಡು ಪೆನ್ಸಿಲ್. ಆ ವರ್ಷದಿಂದ ಅವರ ವಿಷಯಕ್ಕೆ ಬರಹದ ಪರೀಕ್ಷೆ ಇರಲಿಲ್ಲ. ಪೋರ್ಟ್‌ಫೋಲಿಯೊ ನೋಡಿಯೇ ಅಂಕ. ಪ್ರಾಂಶುಪಾಲರ ಹತ್ತಿರ ಹಟ ಹಿಡಿದು ಅವರು ಅದನ್ನು ತಂದಿದ್ದರು.

"ಪೋರ್ಟ್‌ಫೋಲಿಯೊ ಅಂದ್ರ ಲಗ್ನದ ಆಲ್ಬಮ್ ಅಲ್ಲ," ಅಂದರು ಸರ್. "ಎಲ್ಲಾರೂ ಚಂದ ಕಾಣೋ ಫೋಟೊ ಅಷ್ಟ ಹಚ್ಚಬ್ಯಾಡ್ರಿ. ಮಠದಾಗ ಪುರಾಣ ಕೇಳೀರಿಲ್ಲೋ? ಪದ್ಯ ಹಾಡಿದ್ರ ಮುಗೀತೇನು? ಒಡದು ಹೇಳಬೇಕು. ನಿಮ್ಮ ವಸ್ತು ಪದ್ಯ. ಅದು ಹ್ಯಾಂಗ ಹುಟ್ಟಿತು ಅನ್ನೂದು ಈ ಕಡತದಾಗ ಒಡದು ಕಾಣಬೇಕು."

ನೀಲಗಂಗಾ ನನ್ನ ಲಾಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳುತ್ತಿದ್ದಳು. ಹಿಂದಿನ ವರ್ಷ ಇದೇ ವಿಷಯದ ಬರಹದ ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. 'ಉತ್ತಮ ವಿನ್ಯಾಸದ ಲಕ್ಷಣಗಳನ್ನು ವಿವರಿಸಿ' ಎಂದು ಪ್ರಶ್ನೆ ಕೇಳಿದರೆ ಅವಳ ಪೆನ್ನು ಗೆರೆ ಎಳೆಯುತ್ತಿತ್ತೇ ಹೊರತು ಅಕ್ಷರ ಬರೆಯುತ್ತಿರಲಿಲ್ಲ. ಈ ಸಲವೂ ಫೇಲಾದರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ. ಅವಳಿಗೆ ಉಳಿದಿದ್ದ ಒಂದೇ ದಾರಿ ನಾನು.

ಅವಳು ಆರಿಸಿಕೊಂಡ ಕೆಲಸ ಕೂರುವ ಒಂದು ಮಣೆ. ಅವಳ ತಾಯಿ ಕಲ್ಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಪಕ್ಕದ ಮನೆಯ ಫಕೀರವ್ವ ಜೊತೆಗೆ ಕೂರುತ್ತಿದ್ದಳು. ನೀಲಗಂಗಾ ನನ್ನನ್ನು ಅಡುಗೆಮನೆಯ ಗೋಡೆಗೆ ಆನಿಸಿ, ತಾನು ಕೆಳಗೆ ಕೂತು ಚಿತ್ರ ಬರೆಯುತ್ತಿದ್ದಳು. ನಾನು ಕಿವಿಗೊಟ್ಟೆ. ಕಲ್ಲವ್ವನ ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದು, ಪಟಪಟ ಪಟಪಟ, ಪದ್ಯದ ನಡೆಯ ಹಾಗೆ ಏರುತ್ತ ಹೋಗುತ್ತಿತ್ತು. ಆಮೇಲೆ ತಟ್ಟನೆ ನಿಲ್ಲುತ್ತಿತ್ತು. ಕಲ್ಲವ್ವ ಎರಡೂ ಕೈಯನ್ನು ಸೊಂಟಕ್ಕೆ ಕೊಟ್ಟು, ತುಟಿ ಬಿಗಿಹಿಡಿದು ಹಿಂದಕ್ಕೆ ಬಾಗುತ್ತಿದ್ದಳು. ಮತ್ತೆ ಪಟಪಟ. ಮತ್ತೆ ಮೌನ. ಸೊಂಟನೋವಿನ ಆ ಮೌನ ನೀಗಲೆಂದೇ ನೀಲಗಂಗಾ ಮಣೆ ಮಾಡಲು ಹೊರಟಿದ್ದು.

ಮೊದಲ ಮಣೆ ಎತ್ತರದ್ದಾಯಿತು. ಕೂತವಳು ಮೇಲೆ, ರೊಟ್ಟಿ ಬಡಿಯುವ ಹಲಗೆ ಕೆಳಗೆ. ಸೊಂಟ ಮೊದಲಿಗಿಂತ ಹೆಚ್ಚು ಬಾಗಿತು.

"ಇದರ ಮ್ಯಾಲೆ ಕುಂತು ರೊಟ್ಟಿ ಬಡದ್ರ ಭಾವಿಯಿಂದ ನೀರು ಸೇದಿದಂಗ ಆಕ್ಕೇತಿ," ಅಂದಳು ಕಲ್ಲವ್ವ.

ಎರಡನೆಯದಕ್ಕೆ ಬೆನ್ನು ಆನಿಸಲು ಹಲಗೆ ಹಚ್ಚಿದಳು. ರೊಟ್ಟಿ ಬಡಿಯುವವರು ಮುಂದಕ್ಕೆ ಬಾಗುತ್ತಾರೆ, ಹಿಂದಕ್ಕೆ ಒರಗುವುದಿಲ್ಲ. ಫಕೀರವ್ವ ತನ್ನ ಟವೆಲ್ಲನ್ನು ಆ ಹಲಗೆಯ ಮೇಲೆ ಹರವಿ, "ಚಲೋ ಆತು ಬಿಡ, ಅರಿವಿ ಒಣಗಿಸಾಕ ಜಾಗ ಇರಲಿಲ್ಲ," ಅಂದಳು. ಮೂರನೆಯದು ಮುಂದಕ್ಕೆ ಇಳಿಜಾರಾಗಿತ್ತು. ಫಕೀರವ್ವ ಕೂತಳು, ಒಂದು ರೊಟ್ಟಿ ಬಡಿದಳು, ಹಾಗೆಯೇ ಜಾರಿ ಹಿಟ್ಟಿನ ಬುಟ್ಟಿಯ ಹತ್ತಿರ ಹೋಗಿ ಕೂತಳು.

"ಏ ನೀಲಾ, ನನ್ನ ಹಂಚಿನ ಮ್ಯಾಲ ಬೇಯಿಸಬೇಕಂತ ಮಾಡೀಯೇನ?"

ಮೂವರೂ ನಕ್ಕರು. ಆದರೆ ನೀಲಗಂಗಾ ಒಂದನ್ನು ಗಮನಿಸಿದ್ದಳು: ಜಾರುವ ಮುಂಚೆ ಫಕೀರವ್ವನ ಸೊಂಟ ನೆಟ್ಟಗಿತ್ತು. ಅಂದರೆ ಇಳಿಜಾರು ಸರಿ. ಜಾರದಂತೆ ಮಂಡಿಗೆ ಒಂದು ತಡೆ ಬೇಕು. ಅವಳು ಚಕ್ಕನೆ ಒಂದು ದೊಡ್ಡ ಹಾಳೆಯನ್ನು ನೆಲಕ್ಕೆ ಹಾಸಿ, ತಾಯಿಯನ್ನು ಅದರ ಮೇಲೆಯೇ ರೊಟ್ಟಿಗೆ ಕೂರುವ ಹಾಗೆ ಕೂರಿಸಿ, ಮಡಿಸಿದ ಕಾಲಿನ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಳು.

"ಹಾಳಿ ಮ್ಯಾಲ ಕುಂಡರಿಸ್ತೀಯಲ್ಲ, ವಿದ್ಯಾ ಅದು," ಎಂದು ಕಲ್ಲವ್ವ ಹಾಳೆಯನ್ನು ಮುಟ್ಟಿ ನಮಸ್ಕಾರ ಮಾಡಿಯೇ ಕೂತಳು. ಅವಳ ಸೀರೆಯ ಹಿಟ್ಟೆಲ್ಲ ಹಾಳೆಗೆ ಮೆತ್ತಿತು. ಅಂಚಿನಲ್ಲಿ ಒಂದು ಅಂಗೈ ಬಿಳಿಯಾಗಿ ಮೂಡಿತು.

ಆ ಹಾಳೆ ನನ್ನೊಳಗೆ ಬಂದಾಗ ನನಗೆ ಏನೋ ಹತ್ತಿರದ್ದು ಅನ್ನಿಸಿತು. ನನ್ನ ಬೆನ್ನು ನಿಂತಿರುವುದೂ ಹಿಟ್ಟಿನ ಮೇಲೆಯೇ ಅಲ್ಲವೇ.

ನಾಲ್ಕನೆಯ ಮಣೆಗೆ ಸಣ್ಣ ಇಳಿಜಾರು ಬಂತು, ಮಂಡಿ ಆನಲು ಒಂದು ದಿಂಡು ಬಂತು, ಮಡಿಸಿದ ಕಾಲು ಕೂರಲು ಎಡಮೂಲೆ ಬಾಗಿ ಕೊಯ್ಯಿಸಿಕೊಂಡಿತು. ರೊಟ್ಟಿಯ ಹಲಗೆಯೂ ನಾಲ್ಕು ಬೆರಳು ಮೇಲೆದ್ದಿತು. ಬಡಗಿಯ ಮನೆಯಿಂದ ಬಂದ ಆ ಮಣೆಯನ್ನು ಸವರಿ ನೀಲಗಂಗಾ ತಾಯಿಯ ಮುಂದೆ ಇಟ್ಟಳು.

ಇನ್ನು ಪರೀಕ್ಷೆಗೆ ಜೋಡಿಸುವುದೊಂದೇ ಉಳಿದಿತ್ತು. ತಪ್ಪು ಆದದ್ದು ಅಲ್ಲಿ.

ಆ ಭಾನುವಾರ ಮಧ್ಯಾಹ್ನ ಅವಳ ಸಹಪಾಠಿ ಪ್ರಾಣೇಶ ಬಂದಿದ್ದ. ಅವನ ಕಡತ ಆಗಲೇ ಸಿದ್ಧವಾಗಿತ್ತು. ಅವನು ವಸ್ತುವನ್ನು ಮೊದಲು ಮುಗಿಸಿ, ಆಮೇಲೆ ಒಂದೇ ದಿನ ಕೂತು 'ಮೊದಲ ಕರಡು', 'ಎರಡನೇ ಕರಡು' ಎಂದು ಬರೆದಿದ್ದ. ಕಾಲೇಜಿನಲ್ಲಿ ಆಗಲೇ ಇದು ರೂಢಿಯಾಗುತ್ತಿತ್ತು.

"ಈ ಹಿಟ್ಟು ಮೆತ್ತಿದ ಹಾಳಿ ತೋರಿಸ್ತಿಯೇನ ಮಾರಾಯ್ತಿ?" ಅಂದ ಪ್ರಾಣೇಶ. "ಬೆಳಗಾವಿಯಿಂದ ಪರೀಕ್ಷಾ ಮಾಡಾಕ ಮೇಡಂ ಬರಾಕ್ಹತ್ತಾರ. ಮೂಗು ಮುಚ್ಕೊಂತಾರ. ಸ್ವಚ್ಛ ಮಾಡಿ ತಗಿ."

ನೀಲಗಂಗಾಳಿಗೆ ಹಿಂದಿನ ವರ್ಷದ ಫಲಿತಾಂಶ ಕಣ್ಣಮುಂದೆ ಬಂದಿರಬೇಕು. ಅವಳು ಹೊಸ ಹಾಳೆ ತಂದಳು. ಮೊದಲ ಮೂರು ಮಣೆಗಳನ್ನೂ ಅಳತೆಪಟ್ಟಿ ಹಿಡಿದು ಮತ್ತೆ ಬರೆದಳು. ಕಾಟು ಇಲ್ಲ, ಕಲೆ ಇಲ್ಲ, ಫಕೀರವ್ವ ಜಾರಿದ ಗುರುತಿಲ್ಲ. ಒಳ್ಳೆಯ ಕೈ ಅವಳದು, ಚಿತ್ರಗಳು ಬಹಳ ಚೆಂದ ಬಂದವು. ಹಳೆಯ ಹಾಳೆಗಳನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಹಿಂದಿನ ಕಿಸೆಗೆ ಇಟ್ಟು ಲಾಡಿ ಬಿಗಿದಳು. ನನ್ನ ಮುಂದಿನ ಹೊಟ್ಟೆ ಹಗುರವಾಯಿತು, ಹಿಂದಿನದು ಭಾರವಾಯಿತು. ಅವಳು ಹೊತ್ತು ನಡೆಯುವಾಗ ನಾನು ವಾಲುತ್ತಿದ್ದೆ.

ಪರೀಕ್ಷೆಯ ದಿನ ಉದ್ದನೆಯ ಮೇಜಿನ ಮೇಲೆ ನನ್ನನ್ನು ಬಿಚ್ಚಿದರು. ಪಕ್ಕದಲ್ಲಿ ಮಣೆ. ಎದುರಿಗೆ ಬೆಳಗಾವಿಯಿಂದ ಬಂದ ಪರೀಕ್ಷಕರು ಅಂಬುಜಾ ಮೇಡಂ. ನೆರೆತ ಕೂದಲು, ಕೊರಳಲ್ಲಿ ದಾರಕ್ಕೆ ತೂಗುವ ಕನ್ನಡಕ. ಅವರ ಬದಿಯಲ್ಲಿ ಕುಬಸದ ಸರ್ ಕೈಕಟ್ಟಿ ಕೂತಿದ್ದರು.

ಮೇಡಂ ನಿಧಾನವಾಗಿ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ನಾನು ಎಷ್ಟೋ ಕೈ ಕಂಡಿದ್ದೇನೆ, ಹಾಗೆ ಹಾಳೆಯನ್ನು ಮುಟ್ಟುವ ಕೈ ಕಡಿಮೆ. ಬೆರಳ ತುದಿಯಿಂದ ಗೆರೆಯನ್ನು ಕೇಳುತ್ತಿದ್ದರು.

"ಚಂದ ಬರದೀದಿ," ಅಂದರು. "ಆದ್ರ ಈ ಮೂರೂ ಮಣ್ಯಾಗ ತಪ್ಪ ಇಲ್ಲಲ್ಲ. ಹಂಗಿದ್ರ ನಾಲ್ಕನೇದು ಯಾಕ ಮಾಡಿದಿ?"

ನೀಲಗಂಗಾ ನನ್ನ ಲಾಡಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಈ ಮೂಲಿ ಯಾಕ ಕೊಯ್ದಿ? ಎಲ್ಲಿಂದ ಬಂತು ಇದು? ಬೇರೆ ಯಾರರ ಮಣೆ ನೋಡಿ ಮಾಡಿದೇನು?"

ಅವಳು ಕುಬಸದ ಸರ್ ಕಡೆ ನೋಡಿದಳು. ಸರ್ ಆ ಹಳೆಯ ಹಾಳೆಗಳನ್ನು ಮೊದಲೇ ನೋಡಿದ್ದರು. ಅವರ ಕೈಬೆರಳು ಜೇಬಿನ ಮೊಂಡು ಪೆನ್ಸಿಲ್ ಹುಡುಕುತ್ತಿತ್ತು. ಮೇಡಂ ಅಂಕದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನನಗೆ ಬಾಯಿ ಇದ್ದಿದ್ದರೆ ಕೂಗುತ್ತಿದ್ದೆ. ಇರುವುದು ಲಾಡಿ ಮಾತ್ರ, ಅದನ್ನು ಬಿಚ್ಚಬೇಕಾದವಳು ಅವಳೇ.

ಅವಳು ಬಿಚ್ಚಿದಳು.

"ಇವು ನಿನ್ನೆ ಮೊನ್ನೆ ಬರದದ್ರಿ ಮೇಡಂ," ಎಂದು ಚೆಂದದ ಹಾಳೆಗಳನ್ನು ಬದಿಗೆ ಸರಿಸಿದಳು. "ಖರೇವು ಇಲ್ಲಿ ಅದಾವರಿ."

ಕಿಸೆಯಿಂದ ಹಾಳೆಗಳು ಬಂದವು. ಅಡ್ಡ ಕಾಟು ಹೊಡೆದ ಎತ್ತರದ ಮಣೆ. ಟವೆಲ್ ತೂಗಿದ ಹಲಗೆ. ಜಾರಿದ ಹೆಂಗಸು, ಬದಿಯಲ್ಲಿ 'ಸೊಂಟ ನೆಟ್ಟಗ ಆಗಿತ್ತು' ಎಂಬ ಬರಹ. ಕೊನೆಗೆ ಆ ದೊಡ್ಡ ಹಾಳೆ. ಅದನ್ನು ಬಿಡಿಸಿದ ಕೂಡಲೇ ಮೇಜಿನ ತುಂಬ ಹಿಟ್ಟು ಉದುರಿತು. ಮೇಡಂ ಮೂಗು ಮುಚ್ಚಲಿಲ್ಲ. ಕನ್ನಡಕ ಏರಿಸಿ ಬಗ್ಗಿದರು.

"ಇದು ಯಾರ ಕಾಲು?"

"ನಮ್ಮವ್ವಂದ್ರಿ."

ಆಮೇಲೆ ಅವಳನ್ನು ತಡೆಯುವವರಿಲ್ಲ. ಬರಹದಲ್ಲಿ ಎರಡು ಸಾಲು ಬಾರದ ಹುಡುಗಿ ನೆಲಕ್ಕೆ ಕೂತು, ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದಳು. ಸೊಂಟ ಎಲ್ಲಿ ಹಿಡಿಯುತ್ತದೆ, ಮಂಡಿ ಎಲ್ಲಿ ಜಾರುತ್ತದೆ, ಮೂಲೆ ಯಾಕೆ ಹೋಯಿತು, ಎಲ್ಲ ಹೇಳಿದಳು. ಒಂದು ಹಾಳೆಯ ಸೋಲು ಮುಂದಿನ ಹಾಳೆಯ ಗೆರೆಯಾಗುತ್ತ ಹೋಯಿತು. ಮಠದ ಗೋಡೆಯಾಚೆ ಅರ್ಥ ಹೇಳಿದ ಮೇಲೆ ಪದ್ಯವನ್ನು ಎರಡನೆಯ ಸಲ ಓದುತ್ತಿದ್ದರಲ್ಲ, ಆ ದಿನ ಆ ಮಣೆಯನ್ನು ನಾನು ಹಾಗೆ ಎರಡನೆಯ ಸಲ ಕಂಡೆ.

ಮೇಡಂ ಮೇಜಿನ ಸುತ್ತ ಬಂದರು. ಸೆರಗು ಸಿಕ್ಕಿಸಿಕೊಂಡು ಆ ಮಣೆಯ ಮೇಲೆ ತಾವೇ ಕೂತರು. ಮಂಡಿ ದಿಂಡಿಗೆ ಆತಿತು. "ಕುಬಸದ ಅವರ, ನನಗೂ ಒಂದು ಮಾಡಿಸಬೇಕ್ರಿ, ದೇವರ ಮನ್ಯಾಗ ಕುಂಡ್ರಾಕ," ಅಂದರು.

ಅವರು ಪೂರ್ತಿ ಅಂಕ ಕೊಡಲಿಲ್ಲ. ಸುಳ್ಳು ಕರಡಿಗೆ ಕಳೆದರು, ಕಳೆದದ್ದನ್ನು ಅವಳ ಮುಖಕ್ಕೆ ಹೇಳಿಯೇ ಕಳೆದರು. ಆದರೂ ಅವಳು ಒಳ್ಳೆಯ ದರ್ಜೆಯಲ್ಲಿ ಪಾಸಾದಳು. ಹೊರಗೆ ಬಂದ ಮೇಲೆ ಕುಬಸದ ಸರ್ ಅಂದದ್ದು ಇಷ್ಟೇ: "ನಾನು ಬಾಯಿ ಬಿಡಲಿಲ್ಲ ಅಂತ ಸಿಟ್ಟೇನವಾ? ಆ ಕಿಸೆ ನಾ ಬಿಚ್ಚಿದ್ರ ಅದು ನನ್ನ ಪರೀಕ್ಷಾ ಆಗ್ತಿತ್ತು."

ಅಂದಿನಿಂದ ನಾನು ಕಾಲೇಜಿನವನಾದೆ. ಗಾಜಿನ ಕಪಾಟಿನಲ್ಲಿ ನನ್ನನ್ನು ಇಟ್ಟರು. ಪ್ರತಿ ವರ್ಷ ಹೊಸ ಮಕ್ಕಳು ಬಂದು ತೆರೆಯುವರು, ಹಿಟ್ಟಿನ ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟು ನೋಡುವರು. ಒಂದು ವರ್ಷವಂತೂ ಒಬ್ಬ ಜಾಣ ತನ್ನ ಹಾಳೆಗಳಿಗೆಲ್ಲ ಜೋಳದ ಹಿಟ್ಟು ಉಜ್ಜಿಕೊಂಡು ಬಂದ. ಕುಬಸದ ಸರ್ ಹಾಳೆಯನ್ನು ಕೊಡವಿದರು.

"ಅಲ್ಲೋ ತಮ್ಮಾ, ನೀ ಮಾಡಿದ್ದು ಬಸ್ ನಿಲ್ದಾಣದಾಗ ಮಂದಿ ಕುಂಡ್ರೂ ಬಾಕು. ಅಲ್ಲಿ ಹಿಟ್ಟು ಎಲ್ಲಿಂದ ಬಂತೋ?"

ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ಮರುವಾರ ಅವನು ಬಸ್ ನಿಲ್ದಾಣದ ಧೂಳು ಮೆತ್ತಿದ, ಯಾರದೋ ಎಲೆಅಡಿಕೆಯ ಕಲೆಯಿದ್ದ ಖರೆ ಹಾಳೆಗಳನ್ನು ತಂದ. ಸರ್ ಅದನ್ನು ಎಷ್ಟು ಪ್ರೀತಿಯಿಂದ ತಿರುವಿದರೆಂದರೆ, ಕಪಾಟಿನೊಳಗಿದ್ದ ನನಗೇ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕೈಯಿಂದ ಕೈಗೆ ಹೋಗಿ ನನ್ನ ಬೆನ್ನಿನ ಅರಿವೆ ಹರಿಯಿತು. ರಟ್ಟಿನ ಮೂಲೆ ನಾರುನಾರಾಯಿತು. ಮಕ್ತುಂಸಾಬರು ಆಗಲೇ ತೀರಿಹೋಗಿದ್ದರು. ಕುಬಸದ ಸರ್ ನಿವೃತ್ತರಾಗುವ ದಿನ ಕಪಾಟು ಖಾಲಿ ಮಾಡುತ್ತ, ಹಿಟ್ಟಿನ ಹಾಳೆಗಳನ್ನು ಒಂದೊಂದಾಗಿ ತೆಗೆದು ಹೊಸ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು. ನನ್ನೊಳಗೆ ಉಳಿದದ್ದು ಆ ಚೆಂದದ ಸುಳ್ಳು ಹಾಳೆಗಳು ಮಾತ್ರ. ಯಾರಿಗೂ ಬೇಡವಾದವು. ಸರ್‌ಗೆ ನಮಸ್ಕಾರ ಮಾಡಲು ಬಂದಿದ್ದ ನೀಲಗಂಗಾ ನಮ್ಮನ್ನು ನೋಡಿದಳು. ಅವಳು ಈಗ ಬಡಗಿ ಕೆಲಸದ ಒಂದು ಶೆಡ್ಡಿನಲ್ಲಿ ಮಣೆ, ಬಾಕು ಮಾಡಿಸುವವಳು. ಕಿವಿಯ ಹಿಂದೆ ಪೆನ್ಸಿಲ್ ಇತ್ತು.

"ಇವನ್ನ ರದ್ದಿಗೆ ಹಾಕೂದೇನವಾ?" ಅಂದರು ಸರ್.

"ಬ್ಯಾಡ್ರಿ ಸರ್. ನಾನ ಒಯ್ತೀನಿ."

ಹೀಗೆ ನಾನು ಮತ್ತೆ ಅವಳ ಮನೆಗೆ ಬಂದೆ. ಅಡುಗೆಮನೆಯ ಬಾಗಿಲ ಮೇಲಿನ ಅಟ್ಟದಲ್ಲಿ, ಅರಿವೆಯಲ್ಲಿ ಸುತ್ತಿಟ್ಟ ಪುರಾಣದ ಪುಸ್ತಕದ ಪಕ್ಕದಲ್ಲಿ ನನ್ನ ಜಾಗ. ಎಲ್ಲರ ಮುಂದೆ ಬಿಚ್ಚಿಕೊಂಡು ಬದುಕಿದ ನನಗೆ ಈ ಕಟ್ಟಿದ ಲಾಡಿಯ ಬಾಳು ಮೊದಲು ಬೇಸರ ತಂದಿತು. ಈಗ ಇಲ್ಲ. ಆ ಸುಳ್ಳು ಹಾಳೆಗಳ ಮೇಲೂ ನನಗೆ ಮಮತೆ ಬಂದಿದೆ. ಅಂಜಿದಾಗ ಅವಳ ಕೈ ಹೇಗೆ ನಡೆಯಿತೆಂದು ಅವೂ ಹೇಳುತ್ತವೆ. ಅದೂ ಕಲಿಕೆಯ ದಾರಿಯಲ್ಲಿ ಬಂದ ಊರೇ.

ಕೆಳಗೆ ಒಲೆ ಹೊತ್ತಿದೆ. ಕಲ್ಲವ್ವ, ಫಕೀರವ್ವ ಇಬ್ಬರೂ ಮುದುಕಿಯರಾಗಿದ್ದಾರೆ, ಅದೇ ನಮೂನೆಯ ಮಣೆಗಳ ಮೇಲೆ ಕೂತಿದ್ದಾರೆ. ಪಟಪಟ ಪಟಪಟ. ನಾನು ಕಿವಿಗೊಟ್ಟು ಕಾಯುತ್ತೇನೆ, ಹಳೆಯ ಮೌನ ಈಗ ಬಂದೀತು, ಈಗ ಬಂದೀತು ಎಂದು. ಸದ್ದು ಏರುತ್ತ, ಇಳಿಯುತ್ತ, ಒಂದು ಪದ್ಯದಿಂದ ಇನ್ನೊಂದು ಪದ್ಯಕ್ಕೆ ಹೋದಂತೆ ಸಾಗುತ್ತದೆ.

ಇಂದು ಬೆಳಿಗ್ಗೆ ಅದು ಒಮ್ಮೆ ನಿಂತಿತು. ಮತ್ತೆ ಸೊಂಟ ಹಿಡಿಯಿತೇನೋ ಅಂದುಕೊಂಡೆ. ಆಮೇಲೆ ಕೆಳಗಿನಿಂದ ನಗು ಕೇಳಿತು. ಫಕೀರವ್ವ ತಾನು ಜಾರಿ ಬಿದ್ದ ಕಥೆಯನ್ನು ಮತ್ತೆ ಹೇಳುತ್ತಿದ್ದಳು. ಕಲ್ಲವ್ವನ ಕೈ ಸೊಂಟಕ್ಕೆ ಹೋಗಿರಲಿಲ್ಲ, ಕಣ್ಣೀರು ಬರುವಷ್ಟು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.