ಎಣ್ಣೆ ಕುಡಿದ ಅಮೃತಶಿಲೆ

ಗಲ್ಫಿನ ಬೌಷರ್ ಪೇಟೆಯ ನಮ್ಮ ಶೋರೂಮಿನಲ್ಲಿ ಧೂಳು ಒರೆಸುವುದು ನನ್ನ ಕೆಲಸ. ಇಟಲಿಯಿಂದ ಬಂದ ಬಿಳಿ ಅಮೃತಶಿಲೆಯ ಗ್ರೀಕ್ ದೇವತೆಗಳು, ವೀರರು ಅಲ್ಲಿ ಬಟ್ಟೆಯ ಗೊಡವೆಯಿಲ್ಲದೆ ನಿಂತಿರುತ್ತಾರೆ. ನನಗೆ ಆಗದವನು ಒಬ್ಬನೇ, ಹರ್ಕ್ಯುಲಿಸ್. ವಿಷದ ಅಂಗಿ ತಂದುಕೊಟ್ಟ ಆಳಿನ ಕಾಲು ಹಿಡಿದು ಸಮುದ್ರಕ್ಕೆ ಎಸೆಯಲು ಹೊರಟ ಭಂಗಿಯಲ್ಲಿ ನಿಂತವನು. ಅಂಗಿಯಲ್ಲಿ ವಿಷವಿದೆಯೆಂದು ಆ ಪಾಪದವನಿಗೆ ಗೊತ್ತೇ ಇರಲಿಲ್ಲವಂತೆ! ಒರೆಸುವಾಗಲೆಲ್ಲ ಹರ್ಕ್ಯುಲಿಸನ ಮೋರೆಗೆ ಒದ್ದೆಬಟ್ಟೆಯಲ್ಲಿ ಒಂದು ಬಾರಿಸಿಯೇ ನಾನು ಮುಂದೆ ಹೋಗುವುದು.

ನನ್ನ ಗಂಡ ದೂಮಪ್ಪ ಕಾರ್ಕಳದಲ್ಲಿ ಕರಿಕಲ್ಲಿನ ಮೂರ್ತಿ ಕೆತ್ತುತ್ತಿದ್ದವರು. ಮುರಿದ ಮೂಗು, ಬೆರಳು ಅಂಟಿಸುವ ಕೆಲಸಕ್ಕೆಂದು ಇಲ್ಲಿಗೆ ಹೊಸತಾಗಿ ಸೇರಿದ್ದರು. ಮೊನ್ನೆ ಹರ್ಕ್ಯುಲಿಸ್ ಒಬ್ಬ ದೊಡ್ಡ ಗಿರಾಕಿಯ ಬಂಗಲೆಗೆ ಹೊರಟಿದ್ದ. ಇವರಿಗೆ ಎಂತ ಬುದ್ಧಿ ಬಂತೋ! ಊರಿನಲ್ಲಿ ಮೂರ್ತಿ ಕಳಿಸುವ ಮೊದಲು ಹಚ್ಚುವ ಹಾಗೆ ತಲೆಯಿಂದ ಕಾಲಿನವರೆಗೆ ತೆಂಗಿನೆಣ್ಣೆ ಉಜ್ಜಿಬಿಟ್ಟರು. ಕರಿಕಲ್ಲು ಎಣ್ಣೆಗೆ ಮಿನುಗುತ್ತದೆ, ಅಮೃತಶಿಲೆ ಅದನ್ನು ಕುಡಿದುಬಿಡುತ್ತದೆ. ಮಧ್ಯಾಹ್ನದೊಳಗೆ ಹರ್ಕ್ಯುಲಿಸನಿಗೆ ಕಾಮಾಲೆ ಬಂದ ಹಾಗಾಯಿತು.

ಮ್ಯಾನೇಜರ್ ಜೇಮ್ಸ್ ಮಂಗಳೂರಿನವನೇ. ಬಂದು ನೋಡಿದವನೇ ಇವರ ಹೊಟ್ಟೆಗೆ ಒದ್ದ.

“ಎಂತ ಮಾಡಿದ್ದು ಮಾರಾಯ ನೀನು? ಯಾವ ಕೈಯಲ್ಲಿ ಉಜ್ಜಿದ್ದು? ತೋರಿಸು!”

ಕೆಳಗೆ ಬಿದ್ದ ಇವರು, ಅಯ್ಯೋ, ಮಗುವಿನ ಹಾಗೆ ಬಲಗೈ ತೋರಿಸಿದರು. ಜೇಮ್ಸ್ ಬೂಟುಗಾಲಲ್ಲಿ ಮಣಿಕಟ್ಟು ತುಳಿದು ಹಿಡಿದು, ಅಲ್ಲೇ ಬಿದ್ದಿದ್ದ ಇವರದೇ ಸುತ್ತಿಗೆ ಎತ್ತಿ ಬೀಸಿದ. ಎರಡು ಬೆರಳು ಜಜ್ಜಿಹೋದವು. ರಕ್ತ ಬಿಳಿ ಪೀಠಕ್ಕೆ ಚಿಮ್ಮಿತು. ಇವರ ಬೊಬ್ಬೆ ಈಗಲೂ ನನ್ನ ಕಿವಿಯಲ್ಲಿದೆ. ಸುತ್ತಿಗೆ ಮತ್ತೆ ಮೇಲೆದ್ದಿತು. ಕಲ್ಲು ಕೆತ್ತುವವರ ಕೈ ಹೋದರೆ ಉಳಿಯುವುದೆಂತ?

ಮರದ ಪೆಟ್ಟಿಗೆ ಒಡೆಯುವ ದೊಡ್ಡ ಸುತ್ತಿಗೆ ಗೋಡೆಗೆ ಒರಗಿತ್ತು. ಎತ್ತಿಕೊಂಡೆ. ಜೇಮ್ಸನ ತಲೆಗೇ ಬಿಡಬೇಕೆಂದಿದ್ದೆ, ಸುಳ್ಳು ಯಾಕೆ ಹೇಳಲಿ? ಆದರೆ ಅವನಿಗೆ ತನ್ನ ತಲೆಗಿಂತ ಆ ಕಲ್ಲಿನ ಮೇಲೆಯೇ ಪ್ರಾಣ. ಹರ್ಕ್ಯುಲಿಸನ ಮುಷ್ಟಿಗೆ ಬೀಸಿದೆ. ಆಳಿನ ಕಾಲು ಹಿಡಿದಿದ್ದ ಆ ಕೈ ಚೂರುಚೂರಾಗಿ ಉದುರಿತು. ಜೇಮ್ಸ್ ತನ್ನದೇ ಕೈ ಹೋದವನಂತೆ ಕಿರುಚಿದ.

“ಇವರನ್ನು ಬಿಡು! ಇನ್ನೊಂದು ಪೆಟ್ಟು ಬಿದ್ದರೆ ಇದರ ತಲೆಯೂ ಖಲಾಸ್!”

“ಬಿಟ್ಟೆ ಮಾರಾಯ್ತಿ, ಬಿಟ್ಟೆ! ಅದನ್ನು ಮುಟ್ಟಬೇಡ!” ಅವನ ಕೈಯ ಸುತ್ತಿಗೆ ನೆಲಕ್ಕೆ ಬಿತ್ತು.

ಡ್ರೈವರ್ ಅಫ್ರಾಜ್ “ಯಲ್ಲಾ, ಯಲ್ಲಾ” ಎಂದು ಅವಸರ ಮಾಡುತ್ತ ಇವರನ್ನು ಪಿಕಪ್ಪಿಗೆ ಎತ್ತಿಹಾಕಿ ಆಸ್ಪತ್ರೆಯ ಕಡೆ ಓಡಿಸಿದ. ನಾನು ಪಕ್ಕದಲ್ಲಿ ಕೂತು ನನ್ನ ಶಾಲು ಇವರ ಕೈಗೆ ಸುತ್ತಿದ್ದೆ. ಅದು ಪೂರ್ತಿ ಕೆಂಪಾಗಿತ್ತು. ನನ್ನ ಮುಷ್ಟಿಯಲ್ಲಿ ಹರ್ಕ್ಯುಲಿಸನ ಹೆಬ್ಬೆರಳು ಉಳಿದಿತ್ತು, ಯಾವಾಗ ಹೆಕ್ಕಿಕೊಂಡೆನೋ ಗೊತ್ತಿಲ್ಲ. ಹಾಳಾಗಿ ಹೋಗಲಿ ಎಂದು ಹೊರಗೆ ಎಸೆಯಲು ಕಿಟಕಿಯ ಗಾಜು ಇಳಿಸಿದೆ.

“ಬಿಸಾಡಬೇಡ ಕುಸುಮ,” ಇವರು ನರಳುತ್ತ ಅಂದರು. “ಇಟ್ಟುಕೋ. ನಾನು ಅಂಟಿಸಿಕೊಡುತ್ತೇನೆ.”

ಯಾವ ಕೈಯಲ್ಲಿ ಅಂಟಿಸುವುದು ಇವರು? ನಾನು ಗಾಜು ಏರಿಸಿ ಹೆಬ್ಬೆರಳನ್ನು ಮಡಿಲಲ್ಲಿಟ್ಟುಕೊಂಡೆ.